ಗೋವಿಂದಯ್ಯನ ಬೆಲೆಹಲಗೆ

ಕೊಳ್ಳೇಗಾಲದ ಪೇಟೆಬೀದಿಯಲ್ಲಿ ಗೋವಿಂದಯ್ಯನ ದಿನಸಿ ಅಂಗಡಿಯ ಮುಂದೆ ಒಂದು ಕರಿಹಲಗೆ ನೇತಾಡುತ್ತಿತ್ತು. ಯುದ್ಧದ ಕಾಲದಲ್ಲಿ ದಿನಸಿಯ ಬೆಲೆಗೆ ಕಂಟ್ರೋಲು ಬಂದಾಗ ಸರ್ಕಾರಕ್ಕೆ ಹೆದರಿ ಎಲ್ಲ ಅಂಗಡಿಯವರೂ ಇಂಥದ್ದೊಂದು ಬೆಲೆಹಲಗೆ ಹಾಕಿದ್ದರು. ಕಂಟ್ರೋಲು ಹೋದದ್ದೇ ತಡ, ಉಳಿದವರು ಅದನ್ನು ಇಳಿಸಿ ಒಲೆಗೋ ಕೊಟ್ಟಿಗೆಯ ಬಾಗಿಲಿಗೋ ಬಳಸಿಕೊಂಡರು. ಗೋವಿಂದಯ್ಯ ಮಾತ್ರ ಇಳಿಸಲಿಲ್ಲ. ಸಾಲದೆಂದು ಅದರ ನೆತ್ತಿಯ ಮೇಲೆ ಬಿಳಿ ಬಣ್ಣದಲ್ಲಿ, ‘ಇಲ್ಲಿ ಒಂದೇ ಮಾತು. ಹಲಗೆಗಿಂತ ಹೆಚ್ಚು ತೆಗೆದುಕೊಂಡರೆ ಹೆಚ್ಚಿನದರ ಎರಡರಷ್ಟು ವಾಪಸ್ಸು’ ಎಂದು ಬರೆಸಿದ. ಬರೆಸುವಾಗ ಸಿದ್ದಮಲ್ಲಪ್ಪನಂಥವನೊಬ್ಬ ಅದನ್ನು ಓದಿಯಾನು ಎಂದು ಅವನಿಗೆ ಹೊಳೆಯಲಿಲ್ಲ.

ಸಿದ್ದಮಲ್ಲಪ್ಪ ಬಡವನಲ್ಲ. ಧನಗೆರೆಯಲ್ಲಿ ಗದ್ದೆಯಿತ್ತು, ಪೇಟೆಯಲ್ಲಿ ಸ್ವಂತ ಮನೆಯಿತ್ತು, ಹಣೆಯ ತುಂಬ ವಿಭೂತಿಯಿತ್ತು. ಕಳ್ಳನಂತೂ ಅಲ್ಲವೇ ಅಲ್ಲ. ಆದರೆ ಆ ಹಲಗೆಯಲ್ಲಿ ಒಂದು ಸಂದು ಇದೆಯೆಂಬುದನ್ನು ಊರಿಗೆಲ್ಲ ಮೊದಲು ಕಂಡವನು ಅವನೇ. ಗೋವಿಂದಯ್ಯ ಬೆಳಿಗ್ಗೆ ಬಾಗಿಲು ತೆಗೆದಾಗ ಹಲಗೆಯ ಮೇಲೆ ಹಿಂದಿನ ದಿನದ ಬೆಲೆಯೇ ಇರುತ್ತಿತ್ತು. ಮೈಸೂರಿನ ಬಸ್ಸು ಬಂದು ನಿಂತರೆ ಅಲ್ಲಿನ ಹೊಸ ಬೆಲೆ ತಿಳಿಯುತ್ತಿತ್ತು. ತಿಳಿದ ಗಳಿಗೆಯಲ್ಲೇ ಅದು ಗೋವಿಂದಯ್ಯನ ಬಾಯಿಗೆ ಬರುತ್ತಿತ್ತು. ಹಲಗೆಗೆ ಬರಬೇಕಾದರೆ ಮಾತ್ರ ಅವನು ಸ್ಟೂಲು ಎಳೆಯಬೇಕು, ಪಂಚೆ ಎತ್ತಿ ಕಟ್ಟಬೇಕು, ವಾಯು ಹಿಡಿದ ಕಾಲನ್ನು ಮೆಲ್ಲಗೆ ಮೇಲಿಡಬೇಕು. ಬಾಯಿಗೂ ಹಲಗೆಗೂ ನಡುವಿನ ಆ ಸಂದಿನಲ್ಲಿ ಸಿದ್ದಮಲ್ಲಪ್ಪ ಕೈಚೀಲ ಹಿಡಿದು ನಿಂತಿರುತ್ತಿದ್ದ. ಕೇಳಿದಷ್ಟು ಕೊಡುತ್ತಿದ್ದ, ಆಮೇಲೆ ತುಟಿ ಬಿಚ್ಚದೆ ಬೆರಳನ್ನು ಹಲಗೆಯ ಕಡೆ ಎತ್ತುತ್ತಿದ್ದ. ವಾಪಸ್ಸು ಬಂದ ಕಾಸು ಅಷ್ಟರಲ್ಲೇ ಇದ್ದರೂ ಅದನ್ನು ಮನೆಗೆ ತಂದು ದೇವರ ಮುಂದಿಟ್ಟು ಕೈಮುಗಿಯುವಾಗ ಅವನಿಗೆ ಗದ್ದೆ ಬೆಳೆದಾಗಲೂ ಆಗದ ಸಂತೋಷ ಆಗುತ್ತಿತ್ತು.

ಈ ಸಂತೋಷಕ್ಕೆ ಬೆಲೆ ತೆತ್ತವಳು ಮಗಳು ಶಿವರತ್ನಮ್ಮ. ಹೆಣ್ಣು ಕೇಳಲು ಬಂದವರು ಮನೆಗೆ ಬರುವ ಮುಂಚೆ ಪೇಟೆಯಲ್ಲಿ ವಿಚಾರಿಸುವುದು ರೂಢಿ. ಯಳಂದೂರಿನವರು ವಿಚಾರಿಸಲು ಕುಳಿತದ್ದು ಗೋವಿಂದಯ್ಯನ ಜಗಲಿಯ ಮೇಲೆಯೇ. ಎದ್ದವರು ನೆಟ್ಟಗೆ ಬಸ್ ನಿಲ್ದಾಣಕ್ಕೆ ನಡೆದರು. ಅದಕ್ಕೂ ಹಿಂದೆ ಬಂದಿದ್ದವರೂ ಹಾಗೆಯೇ ಹೋಗಿದ್ದರು. ಪುಡಿಗಾಸಿಗೆ ಜಗಳ ಕಾಯುವವನ ಮನೆಯ ಹೆಣ್ಣು ಬೇಡ ಎಂದು ಹೇಳಿ ಕಳಿಸಿದ್ದರು. ಶಿವರತ್ನಮ್ಮ ಅಪ್ಪನಿಗೆ ಒಂದು ಮಾತನ್ನೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಈ ಸಲದ ಸಂಬಂಧ ತಂದವಳು ಪಕ್ಕದ ಮನೆಯ ರಾಚಮ್ಮ. ಅವಳ ತವರು ಹನೂರು. ಅಲ್ಲಿಯ ಪುಟ್ಟಮಾದಪ್ಪನ ಮಗನಿಗೆ ಹೆಣ್ಣು ಮೆಚ್ಚಿಗೆಯಾಗಿತ್ತು. ಪುಟ್ಟಮಾದಪ್ಪನೇ ಈ ದಿನ ಮಧ್ಯಾಹ್ನದ ಬಸ್ಸಿಗೆ ವೀಳ್ಯದ ಶಾಸ್ತ್ರಕ್ಕೆ ಬರುವವನಿದ್ದ. ವೀಳ್ಯದ ಜೊತೆಗೆ ಸಕ್ಕರೆ ಕೈ ಬದಲಾಯಿಸಿದರೆ ಮದುವೆ ಗಟ್ಟಿಯಾದಂತೆ. ಆ ಸಕ್ಕರೆ ತರಲು ಗಂಡನನ್ನು ಕಳಿಸುವಾಗ ಗುರುಬಸಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಇವತ್ತೊಂದಿನ ಆ ಹಲಗೆ ಕಡೆ ಕತ್ತೆತ್ತಬ್ಯಾಡಿ. ಕೇಳ್ದಷ್ಟು ಕೊಟ್ಬುಟ್ಟು ಬನ್ನಿ."

"ನಾನೇನು ಚಿಕ್ಕ ಮಗುವಾ?"

"ಚಿಕ್ಕ ಮಗುವಾಗಿದ್ರೆ ಕೈ ಇಡ್ಕಂಡು ನಾನೇ ಕರ್ಕಂಡೋಯ್ತಿದ್ದೆ."

ಒಳಗೆ ಶಿವರತ್ನಮ್ಮ ಆಗಲೇ ಬೆಳಗಿದ್ದ ಹಿತ್ತಾಳೆ ತಟ್ಟೆಯನ್ನು ಮತ್ತೆ ಬೆಳಗುತ್ತಿದ್ದಳು. ಸಿದ್ದಮಲ್ಲಪ್ಪ ಇವತ್ತು ಸತ್ತರೂ ತಲೆಯೆತ್ತುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡು ಬೀದಿಗಿಳಿದ.

ನೆಲ ನೋಡಿಕೊಂಡೇ ಹೋದ, ನೆಲ ನೋಡಿಕೊಂಡೇ ಸಕ್ಕರೆ, ರವೆ, ಕಾಫಿಪುಡಿ ಕೇಳಿದ. ಗೋವಿಂದಯ್ಯ ಅನುಮಾನದಿಂದಲೇ ತೂಗಿ ಪೊಟ್ಟಣ ಕಟ್ಟತೊಡಗಿದ. ಆಗ ಮೈಸೂರಿನ ಬಸ್ಸಿನ ಹಾರನ್ನು ಕೇಳಿಸಿತು. ಕ್ಲೀನರು ಓಡುತ್ತ ಬಂದು ಗೋವಿಂದಯ್ಯನ ಕಿವಿಯಲ್ಲಿ ಏನೋ ಉಸುರಿ ಹೋದ. ಗೋವಿಂದಯ್ಯ ಗಂಟಲು ಸರಿಮಾಡಿಕೊಂಡು ಬೆಲೆ ಹೇಳಿದ. ಸಿದ್ದಮಲ್ಲಪ್ಪ ಕೊಟ್ಟ. ಅಷ್ಟಕ್ಕೆ ಪೊಟ್ಟಣ ಎತ್ತಿಕೊಂಡು ಹೊರಟಿದ್ದರೆ ಕತೆಯೇ ಇರುತ್ತಿರಲಿಲ್ಲ. ಅವನ ತಲೆ ಅವನನ್ನು ಕೇಳದೆ ಮೇಲೆದ್ದಿತು. ಹಲಗೆಯ ಮೇಲೆ ಸಕ್ಕರೆ ಇನ್ನೂ ನಿನ್ನೆಯ ಬೆಲೆಯಲ್ಲೇ ಇತ್ತು. ತಲೆಯ ಹಿಂದೆಯೇ ಬೆರಳೂ ಎದ್ದಿತು.

ಗೋವಿಂದಯ್ಯ ಸಿಟ್ಟಾಗಲಿಲ್ಲ. ಅದೇ ಹೆದರಿಕೆ ಹುಟ್ಟಿಸುವಂತಿತ್ತು. ಕೊಟ್ಟ ದುಡ್ಡನ್ನು ಹಿಂದಕ್ಕಿಟ್ಟ, ಅದರ ಪಕ್ಕದಲ್ಲಿ ಹೆಚ್ಚಿನದರ ಎರಡರಷ್ಟನ್ನೂ ಇಟ್ಟ, ಆಮೇಲೆ ಪೊಟ್ಟಣಗಳನ್ನೆಲ್ಲ ಹಿಂದಕ್ಕೆಳೆದುಕೊಂಡು, ಸಕ್ಕರೆಯದನ್ನು ಬಿಚ್ಚಿ ಮೂಟೆಗೆ ಸುರಿದ.

"ಸಿದ್ದಮಲ್ಲಪ್ನೋರೇ, ನಿಮ್ಮದು ನಿಮಗೆ ಬಂತು. ಇವತ್ತಿಂದ ನಿಮಗೆ ಈ ಅಂಗಡೀಲಿ ಯಾಪಾರ ಇಲ್ಲ."

"ಹಲಗೇಲಿ ಬರ್ದಿದೀಯಲ್ಲಯ್ಯ."

"ಎಷ್ಟಕ್ಕೆ ಮಾರ್ತೀನಿ ಅಂತ ಬರ್ದಿವ್ನಿ. ಯಾರಿಗೆ ಮಾರ್ತೀನಿ ಅಂತ ಬರ್ದಿಲ್ಲ."

ಸಿದ್ದಮಲ್ಲಪ್ಪ ಬೀದಿಯ ಕೊನೆಯಲ್ಲಿದ್ದ ಕೆಂಪನಂಜಪ್ಪನ ಅಂಗಡಿಗೆ ಹೋದ. ಕೆಂಪನಂಜಪ್ಪ ದೂರದ ನೆಂಟ. ಆದರೆ ಸುದ್ದಿ ಇವನಿಗಿಂತ ಬೇಗ ನಡೆದಿತ್ತು. ಇವನು ಮೆಟ್ಟಿಲು ಹತ್ತುವಷ್ಟರಲ್ಲಿ ಅವನು ಸಕ್ಕರೆಯ ಮೂಟೆಯ ಮೇಲೆ ಗೋಣಿತಾಟು ಎಳೆದು, ಅದರ ಮೇಲೆ ತಾನೇ ಕೂತುಬಿಟ್ಟ.

"ನನ್ನಂಗಡೀಲಿ ಹಲಗೆ ಇಲ್ಲ ಕಣಣ್ಣ."

"ಅದ್ಕೇ ಬಂದೆ ಕಣಪ್ಪ, ನೆಮ್ಮದಿಯಾಗಿ ಕೊಂಡ್ಕಂಡು ಓಯ್ತೀನಿ."

"ಇವತ್ತು ಕೊಂಡ್ಕಂಡು ಓಯ್ತೀಯ. ನಾಳೆ ಬಂದು ನೀನೂ ಒಂದು ಹಲಗೆ ಆಕು ಅಂತೀಯ. ಬ್ಯಾಡಣ್ಣ, ನಂಟಸ್ತನ ಉಳ್ಕಳ್ಳಿ."

ಉಳಿದ ಅಂಗಡಿಗಳಲ್ಲೂ ಇದೇ ಮಾತಾಗಿ ಬರಿಗೈಯಲ್ಲಿ ಮನೆಗೆ ಬಂದವನನ್ನು ಕಂಡು ಗುರುಬಸಮ್ಮ ಏನೂ ಕೇಳಲಿಲ್ಲ. ಗೋಡೆಗೊರಗಿ ಕೂತಳು. ಕೇಳುವ ಕೆಲಸವನ್ನು ಬೀದಿಯವರೆಲ್ಲ ವಹಿಸಿಕೊಂಡರು. ಒಬ್ಬರು ಬೆಲ್ಲವನ್ನೇ ಕುಟ್ಟಿ ಇಡಿ ಎಂದರು. ವೀಳ್ಯಕ್ಕೆ ಬೆಲ್ಲ ಇಟ್ಟರೆ ಬೀಗರು ತಟ್ಟೆ ಮುಟ್ಟದೆ ಎದ್ದು ಹೋಗುತ್ತಾರೆ ಎಂದು ಇನ್ನೊಬ್ಬರು. ಗಾಡಿ ಕಟ್ಟಿಸಿ ಯಳಂದೂರಿಗೆ ಕಳಿಸಿ ಎಂದವರಿಗೆ, ಗಾಡಿ ಹಿಂದಿರುಗುವ ಹೊತ್ತಿಗೆ ಬೀಗರು ಹನೂರು ಸೇರಿರುತ್ತಾರೆ ಎಂದು ಮತ್ತೊಬ್ಬರು ಲೆಕ್ಕ ಹೇಳಿದರು. ಸಾಲವಾಗಿ ಸಕ್ಕರೆ ಕೊಡುತ್ತೇನೆಂದವರು ಯಾರೂ ಇಲ್ಲ.

ರಾಚಮ್ಮ ಸೆರಗು ಸಿಕ್ಕಿಸಿಕೊಂಡಳು. "ನೀವು ಸುಮ್ಕಿರಿ ಸಿದ್ದಮಲ್ಲಣ್ಣ. ನಾನು ನನ್ನ ಅಟ್ಟಿಗೆ, ನನ್ನ ಮನೆ ಖರ್ಚಿಗೆ ಅಂತ ಯೋಳಿ ತಕಬತ್ತೀನಿ. ಗೋವಿಂದಯ್ಯನಿಗೆ ಏನು ಗೊತ್ತಾಯ್ತದೆ?"

ಗೋವಿಂದಯ್ಯ ಸಕ್ಕರೆಯನ್ನು ತೂಗಿ ಅವಳ ಚೀಲಕ್ಕೂ ಸುರಿದಿದ್ದನಂತೆ. ಆಮೇಲೆ, ‘ಒಬ್ಬಂಟಿ ಹೆಂಗ್ಸಿಗೆ ಇಷ್ಟ್ಯಾಕಮ್ಮ ಸಕ್ಕರೆ’ ಎಂದು ಮಾತಿಗೆ ಕೇಳಿದನಂತೆ. ರಾಚಮ್ಮನಿಗೆ ಸುಳ್ಳು ಹೇಳುವುದು ಕಷ್ಟವಲ್ಲ, ಸುದ್ದಿ ಬಚ್ಚಿಡುವುದು ಕಷ್ಟ. ಸಿದ್ದಮಲ್ಲಣ್ಣನ ಮಗಳ ವೀಳ್ಯವೆಂದು ಮೊದಲಿಂದ ಕೊನೆಯವರೆಗೆ ಹೇಳಿ, ಹುಡುಗನ ಬಣ್ಣವನ್ನೂ ವರ್ಣಿಸಿ, ಕೊನೆಗೆ ಅವನು ಹಿಂದಕ್ಕೆಳೆದುಕೊಂಡ ಸಕ್ಕರೆಯ ಜೊತೆಗೆ ತನ್ನ ಚೀಲವನ್ನೂ ಅಲ್ಲೇ ಬಿಟ್ಟು ಬಂದಳು.

ಸಿದ್ದಮಲ್ಲಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಶಿವರತ್ನಮ್ಮ ಬಂದು ಅವನ ಮುಂದೆ ನೀರಿನ ಚೊಂಬು ಇಟ್ಟಳು.

"ಓಗ್ಲಿ ಬುಡಿ ಅಪ್ಪ. ಅವ್ರು ಬಂದು ಉಂಡ್ಕಂಡು ಓಗ್ಲಿ. ನನಗೇನು, ರೂಢಿ ಆಗೋಗದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ರೂಢಿಯಾಗಿದೆ ಎಂಬ ಮಾತು ಅವನ ಎದೆಗೆ ನಾಟಿತು. ನೀರು ಕುಡಿಯದೆ ಎದ್ದ. ಬೆಳಿಗ್ಗೆ ಗೋವಿಂದಯ್ಯ ಕೊಟ್ಟಿದ್ದ ಎರಡರಷ್ಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಮೇಲುವಸ್ತ್ರವನ್ನು ಸೊಂಟಕ್ಕೆ ಕಟ್ಟಿ, ತಪ್ಪು ಮಾಡಿದವನು ಪಂಚಾಯ್ತಿಗೆ ಹೋಗುವ ಹಾಗೆ ಪೇಟೆಬೀದಿಯ ನಟ್ಟನಡುವೆ ನಡೆದು ಹೋದ.

ಗೋವಿಂದಯ್ಯ ಅವನನ್ನೂ ಮುಷ್ಟಿಯನ್ನೂ ನೋಡಿದ. ಅವನಿಗೂ ಹೆಣ್ಣುಮಕ್ಕಳಿದ್ದರು. "ಮಗಳ ಇಸ್ಯ ಅಂತ ಒತ್ತಾರೆನೇ ಯೋಳಿದ್ರೆ ನಾನೇ ಕಳಿಸ್ತಿದ್ನಲ್ಲ" ಎಂದ. ಆದರೆ ಮನಸ್ಸು ಕರಗಿದರೂ ಅವನು ವ್ಯಾಪಾರಿ. ಗಲ್ಲಾದಿಂದ ಎದ್ದು ಬಂದು ತಕ್ಕಡಿಯನ್ನು ಮುಂದಕ್ಕೆ ತಳ್ಳಿದ.

"ಇದನ್ನ ಮುಟ್ಟಿ ಮಾದಪ್ಪನ ಮ್ಯಾಲೆ ಆಣೆ ಮಾಡಿ. ಈ ಹಲಗೆ ಮಿಕ್ಕೋರಿಗೆ. ನಿಮಗೆ ನಾನು ಯೋಳಿದ್ದೇ ಬೆಲೆ. ನಿಮ್ಮ ಅಟ್ಟಿಯೋರಿಗೂ ಅಷ್ಟೇಯ. ಒಂದು ಕಾಸೂ ವಾಪಸ್ ಕೇಳಂಗಿಲ್ಲ."

ಮಲೆಯ ಮಾದಪ್ಪನ ಮೇಲೆ ಆಣೆಯಿಟ್ಟು ತಪ್ಪಿದವನನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಬೀದಿಯೆಲ್ಲ ನೋಡುತ್ತಿದ್ದಂತೆ ಸಿದ್ದಮಲ್ಲಪ್ಪ ಮುಷ್ಟಿಯ ದುಡ್ಡನ್ನು ಗೋವಿಂದಯ್ಯನ ಮುಂದೆ ಸುರಿದು, ತಕ್ಕಡಿಯ ತಟ್ಟೆಯ ಮೇಲೆ ಕೈಯಿಟ್ಟ. ಆಣೆಯ ಮಾತುಗಳನ್ನು ಒಂದೊಂದಾಗಿ ಹೇಳಿದ. ಮನೆಯಲ್ಲಿ ಯಾರೋ ತೀರಿಕೊಂಡಷ್ಟು ದುಃಖವಾಯಿತು ಎಂದರೆ ತಪ್ಪಲ್ಲ. ಆಮೇಲೆ ಗೋವಿಂದಯ್ಯ ಬೆಳಗಿನದಕ್ಕಿಂತ ಹೆಚ್ಚಿನ ಬೆಲೆಯನ್ನೇ ಹೇಳಿದ. ಸಿದ್ದಮಲ್ಲಪ್ಪ ನೆಲ ನೋಡಿಕೊಂಡೇ ಕೊಟ್ಟು ಸಕ್ಕರೆ, ರವೆ, ಕಾಫಿಪುಡಿ ತಂದ.

ಪುಟ್ಟಮಾದಪ್ಪ ಹೇಳಿದ ಬಸ್ಸಿಗೇ ಬಂದ. ಎತ್ತರದ ಆಳು, ದಪ್ಪ ಮೀಸೆ. ಜೊತೆಗೆ ಹಿರಿಯರಿಬ್ಬರು. ಉಪ್ಪಿಟ್ಟು ತಿಂದ, ಕಾಫಿ ಕುಡಿದ, ಪೇಟೆಯ ಮಾತೊಂದನ್ನೂ ಎತ್ತಲಿಲ್ಲ. ಇನ್ನು ಗಂಡಾಂತರ ಕಳೆಯಿತೆಂದು ಸಿದ್ದಮಲ್ಲಪ್ಪ ತಟ್ಟೆ ತರಲು ಸನ್ನೆ ಮಾಡಿದ. ವೀಳ್ಯ, ಸಕ್ಕರೆ ಎಲ್ಲ ಬಂದು ನಡುಮನೆಯ ಚಾಪೆಯ ಮೇಲೆ ಕೂತವು. ಪುಟ್ಟಮಾದಪ್ಪ ತಟ್ಟೆಯನ್ನು ಮುಟ್ಟಲಿಲ್ಲ.

"ಶಾಸ್ತ್ರಕ್ಕೆ ಮುಂಚೆ ಒಂದು ಮಾತು ಕೇಳ್ಬೇಕು. ಗೋವಿಂದಯ್ಯ ಅನ್ನೋರ ಅಂಗಡೀಲಿ ಹಲಗೆ ತೋರ್ಸಿ ಎರಡರಷ್ಟು ವಾಪಸ್ ಈಸ್ಕೊಳೋರು ನೀವೇಯಾ?"

ಬಾಗಿಲ ಸಂದಿಯಲ್ಲಿ ಮಗಳ ಸೆರಗಿನ ಅಂಚು ಕಾಣುತ್ತಿತ್ತು. ಅದು ಅಲುಗಾಡುವುದು ನಿಂತಿತು. ಎಲ್ಲ ಬಿಟ್ಟಿದ್ದೇನೆ, ಇವತ್ತು ತಾನೇ ತಕ್ಕಡಿ ಮುಟ್ಟಿದ್ದೇನೆ ಎಂದು ಹೇಳಲು ಸಿದ್ದಮಲ್ಲಪ್ಪ ಬಾಯಿ ತೆರೆದ. ಪುಟ್ಟಮಾದಪ್ಪ ಕೈಯೆತ್ತಿ ತಡೆದ.

"ಮುಚ್ಚಿಡಬ್ಯಾಡಿ. ರಾಚಮ್ಮ ಎಲ್ಲಾನೂ ಯೋಳವ್ಳೆ. ನಾವು ಇಷ್ಟು ಸಂಬಂಧ ಬುಟ್ಟು ನಿಮ್ಮ ಅಟ್ಟಿಗೆ ಬಂದಿರೋದೇ ಅದ್ಕೆ."

ಅಡುಗೆಮನೆಯ ಬಾಗಿಲಲ್ಲಿ ರಾಚಮ್ಮ ಮುಖ ಅರಳಿಸಿ ನಿಂತಿದ್ದಳು.

"ನಾನೂ ಅದೇ ಕಸುಬಿನೋನು ಕಣ್ರಿ" ಎಂದು ಪುಟ್ಟಮಾದಪ್ಪ ಗಂಭೀರವಾಗಿಯೇ ಮುಂದುವರಿಸಿದ. "ಬೆಲೆ ಒಂದು ಯೋಳಿ ಇನ್ನೊಂದು ಈಸ್ಕಂಡೋರ ಯಾರ್ನೂ ಬುಡ್ಲಿಲ್ಲ ನಾನು. ಈಗ ಹನೂರಲ್ಲಿ ಒಬ್ನೂ ನನಗೆ ಉಪ್ಪು ಸೈತ ಕೊಡಕ್ಕಿಲ್ಲ. ಮದ್ವೆ ಸಾಮಾನು ಎಂಗೆ ತರ್ಲಿ ಅನ್ನೋದೇ ನನಗೆ ಚಿಂತೆ ಆಗಿತ್ತು. ಅಂಗಡಿಯೋನು ನಿಮ್ಮನ್ನ ಓಡಿಸ್ದೆ ಸಾಮಾನೂ ಕೊಟ್ಟು ಎರಡರಷ್ಟನ್ನೂ ಕೊಡೋ ಅಂಗೆ ಇಟ್ಕಂಡಿದೀರಲ್ಲ, ಅದು ದೊಡ್ಡದು. ಎರಡು ಕಡೆ ಸಾಮಾನೂ ನೀವೇ ತನ್ನಿ. ವಾಪಸ್ ಬಂದಿದ್ರಲ್ಲಿ ನನಗೆ ಸಮಪಾಲು. ಮದ್ವೆ ಆದ್ಮೇಲೂ ಅಂಗೇಯ, ವಾರ ವಾರ ನಮ್ಮ ಅಟ್ಟಿ ಸಾಮಾನೂ ನಿಮ್ಮ ಕೈಲೇ. ಇದಕ್ಕೆ ಒಪ್ಪಿದ್ರೆ ಸಕ್ಕರೆ ಮುಟ್ತೀನಿ."

ಸಿದ್ದಮಲ್ಲಪ್ಪ ಹೆಂಡತಿಯ ಮುಖ ನೋಡಿದ. ಗುರುಬಸಮ್ಮ ನೆಲ ನೋಡುತ್ತಿದ್ದಳು. ಬಾಗಿಲ ಸಂದಿಯ ಕಡೆ ನೋಡಿದ. ಶಿವರತ್ನಮ್ಮ ತುಸು ಮುಂದೆ ಬಂದಿದ್ದಳು, ಅವಳ ಮುಖದಲ್ಲಿ ಎಷ್ಟೋ ವರ್ಷಗಳಿಂದ ಅವನು ಕಾಣದಿದ್ದ ಒಂದು ಗೆಲುವಿತ್ತು. ಅವಳು ಅಪ್ಪನ ಬಗ್ಗೆ ಮೊದಲ ಸಲ ಹೆಮ್ಮೆಪಡುತ್ತಿದ್ದಳು.

"ಆಗ್ಲಿ" ಎಂದ ಸಿದ್ದಮಲ್ಲಪ್ಪ.

ವೀಳ್ಯ ಕೈ ಬದಲಾಯಿಸಿತು. ಸಕ್ಕರೆ ಎಲ್ಲರ ಬಾಯಿಗೂ ಬಿತ್ತು. ಅವನ ನಾಲಿಗೆಗೆ ಮಾತ್ರ ಸಿಹಿ ತಿಳಿಯಲಿಲ್ಲ. ಪುಟ್ಟಮಾದಪ್ಪ ಬೆರಳು ನೆಕ್ಕಿಕೊಂಡು, ಎಲೆಗೆ ಸುಣ್ಣ ಸವರುತ್ತ ಹತ್ತಿರ ಸರಿದು ಕೂತ.

"ಈ ಸಕ್ಕರೇನೂ ಅಲ್ಲಿಂದ್ಲೇ ತಂದಿರ್ತೀರಲ್ಲ ಬೀಗ್ರೆ. ಎಷ್ಟು ಬಂತು ಇವತ್ತು?"

ನಡುಮನೆಯಲ್ಲಿ ಎಲ್ಲರೂ ಅವನನ್ನೇ ನೋಡಿದರು. ಸಿದ್ದಮಲ್ಲಪ್ಪ ಮೆಲ್ಲಗೆ ಸೊಂಟದ ಚೀಲಕ್ಕೆ ಕೈಹಾಕಿ, ತನ್ನದೇ ಎರಡಾಣೆ ತೆಗೆದು ಚಾಪೆಯ ಮೇಲಿಟ್ಟ.

ಪುಟ್ಟಮಾದಪ್ಪ ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿದ. ಹುಬ್ಬು ಗಂಟಿಕ್ಕಿದ.

"ಇಷ್ಟೇಯಾ? ಸಕ್ಕರೆ ಇವತ್ತು ಮೈಸೂರಲ್ಲಿ ಎಷ್ಟು ಏರ್ಬುಟ್ಟದೆ ಅಂತ ಬಸ್ ಸ್ಟ್ಯಾಂಡಲ್ಲೇ ಕೇಳ್ಕಬಂದಿವ್ನಿ. ಗೋವಿಂದಯ್ಯ ನಿಮ್ಮನ್ನ ಏಮಾರ್ಸವ್ನೆ ಬೀಗ್ರೆ."

ಸಿದ್ದಮಲ್ಲಪ್ಪ ಹೌದೆಂದು ತಲೆಯಾಡಿಸಿ, ಮತ್ತೆ ಸೊಂಟದ ಚೀಲಕ್ಕೆ ಕೈಹಾಕಿದ.