ಹೆದರಬೇಡಿರಿ, ನನ್ನ ತಂಗಿ ಬಂದಿದ್ದಾಳೆ!

ಕಾರ್ಕಳದಿಂದ ಕಾಪುವಿನವರೆಗೆ ಯಾರ ಮನೆಯಲ್ಲಾದರೂ ಒಂದು ವಸ್ತು ಕಾಣೆಯಾದರೆ ದಯವಿಟ್ಟು ಪೊಲೀಸ್ ಠಾಣೆಗೆ ಓಡಬೇಡಿ. ಮೊದಲು ನನ್ನ ತಂಗಿ ಊರಿಗೆ ಬಂದಿದ್ದಾಳೆಯೇ ಎಂದು ವಿಚಾರಿಸಿ. ಬಂದಿದ್ದರೆ ನಿಮ್ಮ ವಸ್ತು ಕಳೆದುಹೋಗಿಲ್ಲ. ನಿಮಗಿಂತ ಅದರ ಅಗತ್ಯ ಹೆಚ್ಚಾಗಿರುವ ಯಾರದೋ ಮನೆಯಲ್ಲಿ ಕ್ಷೇಮವಾಗಿದೆ. ಹಾಗೆಂದು ಅವಳನ್ನು ಕಳ್ಳಿ ಎನ್ನುವಂತಿಲ್ಲ. ಕಳ್ಳರು ತಮಗಾಗಿ ಒಯ್ಯುತ್ತಾರೆ. ಇವಳು ತನಗೆಂದು ಒಂದು ಸೂಜಿಯನ್ನೂ ಇಟ್ಟುಕೊಂಡವಳಲ್ಲ. ಇಂಥವಳ ಮೇಲೆ ದೂರು ಕೊಡುವುದಾದರೂ ಹೇಗೆ? ನಲವತ್ತು ವರ್ಷಗಳಿಂದ ನಾನು ಆ ದಾರಿಯನ್ನೇ ಹುಡುಕುತ್ತಿದ್ದೇನೆ!

ನನ್ನ ಕೊಡೆಯ ವಿಷಯವನ್ನೇ ತೆಗೆದುಕೊಳ್ಳಿ. ಅಧ್ಯಾಪಕಿಯಾಗಿ ಪಡೆದ ಮೊದಲ ಸಂಬಳದಲ್ಲಿ ಕೊಂಡ ಕೊಡೆ ಅದು. ಕಪ್ಪು ಬಟ್ಟೆ, ಹಳದಿ ಹಿಡಿ, ಹಿಡಿಯ ತುದಿಯಲ್ಲಿ ಹಕ್ಕಿಯ ತಲೆ. ಕಾರ್ಕಳದ ಬಸ್ ನಿಲ್ದಾಣದಲ್ಲಿ ಅದನ್ನು ಏಳು ವರ್ಷದ ತಂಗಿಯ ಕೈಗೆ ಕೊಟ್ಟು ಬಾಳೆಹಣ್ಣು ಕೊಳ್ಳಲು ಅತ್ತ ತಿರುಗಿದೆ. ಇತ್ತ ತಿರುಗುವಷ್ಟರಲ್ಲಿ ಕೂಸನ್ನೆತ್ತಿಕೊಂಡ ಹೆಂಗಸೊಬ್ಬಳು ಅದನ್ನು ಬಿಚ್ಚಿ ಹಿಡಿದುಕೊಂಡು ಮಳೆಯಲ್ಲಿ ಗಂಭೀರವಾಗಿ ನಡೆದುಹೋಗುತ್ತಿದ್ದಳು.

"ಕೊಡೆ ಎಲ್ಲಿ?" ಎಂದು ಕೇಳಿದೆ.

"ಅವಳಿಗೆ ಕೊಟ್ಟೆ ಅಕ್ಕ. ಅವಳಿಗೆ ಮಗು ಉಂಟು. ನಿನಗೆ ಇಲ್ಲ ಅಲ್ವಾ?"

ನನಗೆ ಮಗು ಇರಲಿಲ್ಲ, ನಿಜ. ಮುಂದೆ ಮದುವೆಯೂ ಆಗಲಿಲ್ಲ. ಆದರೆ ಆ ಮಾತನ್ನು ನಾನು ಮರೆತಿಲ್ಲ. ಹಕ್ಕಿಯ ತಲೆಯನ್ನೂ ಮರೆತಿಲ್ಲ.

ಇಂಥ ತಂಗಿ ಬೆಳೆದು ದಾದಿಯಾದಳು, ವೈದ್ಯನೊಬ್ಬನನ್ನು ಮದುವೆಯಾದಳು, ಅವನೊಡನೆ ಆಫ್ರಿಕಾದ ಮಲಾವಿ ದೇಶದ ಹಳ್ಳಿಯೊಂದರ ಮಿಷನ್ ಆಸ್ಪತ್ರೆಗೆ ಸೇವೆಗೆಂದು ಹೊರಟಳು. ಅವಳು ವಿಮಾನ ಹತ್ತಿದ ದಿನ ನಮ್ಮ ಚರ್ಚಿನ ಸಭೆಯವರೆಲ್ಲ ಅತ್ತರು. ನಾನೂ ಅತ್ತೆ. ಬನ್ನಂಜೆಯ ನನ್ನ ಮನೆಗೆ ಮರಳಿ ಕಪಾಟು ತೆರೆದ ಮೇಲೆ ನಿಲ್ಲಿಸಿದೆ. ನನ್ನ ಎರಡು ಹೊಸ ಹೊದಿಕೆಗಳು ನನಗಿಂತ ಮೊದಲೇ ಆಫ್ರಿಕಾ ಕಾಣಲು ಹೋಗಿಬಿಟ್ಟಿದ್ದವು!

ಅವಳಿಗೆ ಅಲ್ಲಿ ಇಬ್ಬರು ಮಕ್ಕಳಾದರು: ಮಗಳು ಕೃಪಾ, ಮಗ ಆನಂದ. ಅವಳು ಅವರನ್ನು ಸಾಕಿದ ಕ್ರಮವನ್ನು ಕೇಳಿ. ಹುಟ್ಟಿದ ಹಬ್ಬದ ದಿನ ಬೇರೆ ಮಕ್ಕಳಿಗೆ ಉಡುಗೊರೆ ಬರುತ್ತದೆ. ಈ ಮಕ್ಕಳು ತಮ್ಮಲ್ಲಿರುವುದರಲ್ಲಿ ಅತಿ ಪ್ರಿಯವಾದ ಒಂದು ವಸ್ತುವನ್ನು ಆರಿಸಿ ಬೇರೆಯವರಿಗೆ ಕೊಡಬೇಕು! ಮಿಷನ್‌ನವರು ಒಂದು ಊರಿನಿಂದ ಇನ್ನೊಂದು ಊರಿಗೆ ಕಳುಹಿಸಿದಾಗ ತಲೆಗೊಂದು ಚೀಲ. ಅದರಲ್ಲಿ ಹಿಡಿಸದ್ದೆಲ್ಲ ಅಲ್ಲಿಯವರಿಗೆ. "ಪಾಪ, ಮಕ್ಕಳು ಅಳುವುದಿಲ್ಲವೇ?" ಎಂದು ನಾನು ಫೋನಿನಲ್ಲಿ ಕೇಳಿದರೆ, "ಮೊದಲ ಸಲ ಅತ್ತರು ಅಕ್ಕ. ಈಗ ಚೀಲ ತುಂಬುವುದರಲ್ಲಿ ಭಾರಿ ಹುಷಾರು," ಎಂದು ಹೆಮ್ಮೆಯಿಂದ ಹೇಳಿದಳು.

ಈ ವರ್ಷ ಏಪ್ರಿಲ್‌ನಲ್ಲಿ ಗಂಡನನ್ನು ಆಸ್ಪತ್ರೆಯಲ್ಲೇ ಬಿಟ್ಟು ಮಕ್ಕಳೊಡನೆ ರಜೆಗೆ ಬಂದಳು. ಕಾರಿನಿಂದಿಳಿದ ಏಳು ವರ್ಷದ ಆನಂದ ನೇರವಾಗಿ ಜಗಲಿಗೆ ಬಂದು, ಬಲಗೈಯನ್ನು ಎತ್ತಿ, "ಹೆದರಬೇಡಿರಿ!" ಎಂದ.

ನಾನು ನಿಜವಾಗಿಯೂ ಹೆದರಿದೆ.

ಸಂಗತಿ ಇಷ್ಟೇ. ಆ ಮಕ್ಕಳು ಕನ್ನಡ ಕಲಿತದ್ದು ತಾಯಿ ಹೇಳಿದ ಭಾನುವಾರದ ಬೈಬಲ್ ಕಥೆಗಳಿಂದ. ಆ ಕಥೆಗಳಲ್ಲಿ ದೇವದೂತರು ಯಾರ ಮನೆಗೆ ಬಂದರೂ ಮೊದಲು ಆಡುವ ಮಾತು ಇದೇ. ಅತಿಥಿಗಳು ಹೀಗೆಯೇ ಮಾತಾಡಬೇಕೆಂದು ಹುಡುಗ ನಂಬಿದ್ದ. ಅಂಚೆಯವನಿಗೂ ಹೆದರಬೇಡಿರಿ, ಗ್ಯಾಸ್ ಸಿಲಿಂಡರ್ ತಂದವನಿಗೂ ಹೆದರಬೇಡಿರಿ. ಮಲ್ಪೆಯಿಂದ ಮೀನು ತರುವ ನಮ್ಮ ಗುಲಾಬಿ ಮಾತ್ರ ಬುಟ್ಟಿ ಇಳಿಸಿ, "ನಾನು ಎಂತಕ್ಕೆ ಹೆದರುವುದು ಮಾರಾಯ? ಹೆದರಬೇಕಾದ್ದು ನಿನ್ನ ದೊಡ್ಡಮ್ಮ, ಇವತ್ತು ಅಂಜಲ್ ಮೀನಿನ ರೇಟು ಕೇಳಿ!" ಎಂದಳು.

ಒಂದು ಮಧ್ಯಾಹ್ನ ಎಲ್ಲರೂ ಕಾಪುವಿನ ಕಡಲತೀರಕ್ಕೆ ಹೋದೆವು. ನಾನು ಹೊಸದಾಗಿ ಕೊಡಿಸಿದ ನೀಲಿ ಚಪ್ಪಲಿ ಹಾಕಿಕೊಂಡು ಓಡಿದ ಆನಂದ, ಸ್ವಲ್ಪ ಹೊತ್ತಿನಲ್ಲಿ ಕಾದ ಮರಳಿನ ಮೇಲೆ ಒಂಟಿಕಾಲಿನಲ್ಲಿ ಕುಪ್ಪಳಿಸುತ್ತ ಬಂದ. ದೂರದಲ್ಲಿ ಅಷ್ಟೇ ಎತ್ತರದ ಇನ್ನೊಬ್ಬ ಹುಡುಗನೂ ಒಂಟಿಕಾಲಿನಲ್ಲಿ ಕುಪ್ಪಳಿಸುತ್ತಿದ್ದ.

"ಇನ್ನೊಂದು ಚಪ್ಪಲಿ ಎಲ್ಲಿ?"

"ನನ್ನಲ್ಲಿ ಎರಡು ಇದ್ದವು, ದೊಡ್ಡಮ್ಮ. ಅವನಲ್ಲಿ ಒಂದೂ ಇರಲಿಲ್ಲ."

ಲೆಕ್ಕದಲ್ಲಿ ತಪ್ಪು ಹುಡುಕಿ ನೋಡೋಣ! ಮೂವತ್ತೈದು ವರ್ಷ ಪಾಠ ಹೇಳಿದ ನನಗೇ ಸಿಗಲಿಲ್ಲ. ನನ್ನ ತಂಗಿಯೋ, ಮರಳಿನಲ್ಲಿ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಎದ್ದುಹೋಗಿ ಉಳಿದ ಒಂದನ್ನೂ ಆ ಹುಡುಗನಿಗೆ ಕೊಟ್ಟುಬಂದಳು.

ಇಷ್ಟನ್ನು ಸಹಿಸಿದೆ. ಆದರೆ ಮುಂದಿನದನ್ನು ಸಹಿಸುವುದು ಯಾರಿಂದ ಸಾಧ್ಯ? ಒಂದು ಬೆಳಿಗ್ಗೆ ಗುಲಾಬಿ ಮೀನು ಆರಿಸುತ್ತ, "ಟೀಚರಮ್ಮ, ಹುಡುಗಿ ಇನ್ನು ನಿಮ್ಮಲ್ಲೇ ಅಂತಲ್ಲ? ಹಾಗಾದ್ರೆ ಬಂಗುಡೆ ಎರಡು ಜಾಸ್ತಿ ಹಾಕ್ಲಾ?" ಎಂದಳು.

"ಯಾವ ಹುಡುಗಿ?"

"ಎಂತ, ನಿಮಗೆ ಗೊತ್ತಿಲ್ವಾ? ಕೃಪಾ! ಅಲ್ಲಿ ದೊಡ್ಡ ಕ್ಲಾಸಿನ ಶಾಲೆ ಇಲ್ಲವಂತೆ. ಇಲ್ಲೇ ಬಿಟ್ಟು ಹೋಗ್ತಾರಂತೆ."

ನನ್ನ ಮನೆಯ ಸುದ್ದಿ ನನಗೆ ಬಂಗುಡೆಯ ಬುಟ್ಟಿಯಲ್ಲಿ ಬಂತು! ಒಳಗೆ ಹೋಗಿ ತಂಗಿಯನ್ನು ಕೇಳಿದೆ. ಅವಳು ತಲೆ ತಗ್ಗಿಸಿಕೊಂಡು, "ಗುಲಾಬಿಗೆ ಹೇಳುವುದು ಸುಲಭ ಇತ್ತು ಅಕ್ಕ. ನಿನಗೆ ಹೇಳಲಿಕ್ಕೆ ಬಾಯಿ ಬರಲಿಲ್ಲ," ಎಂದಳು. ನಾನು ಒಪ್ಪಿದೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಬಂಗುಡೆ ಮಾತ್ರ ಎರಡು ಜಾಸ್ತಿ ಹಾಕಿಸಿಕೊಂಡೆ.

ಮಣಿಪಾಲದ ಶಾಲೆಯೊಂದಕ್ಕೆ ಕೃಪಾಳನ್ನು ಕರೆದೊಯ್ದೆವು. ಹದಿಮೂರರ ಹುಡುಗಿ, ಎರಡು ಬಿಗಿ ಜಡೆ, ಮಾತು ಕಡಿಮೆ. ಮುಖ್ಯೋಪಾಧ್ಯಾಯಿನಿ ಪ್ರೀತಿಯಿಂದಲೇ ಕೇಳಿದರು, "ನಿನ್ನ ಸ್ವಂತ ಊರು ಯಾವುದಮ್ಮ?"

ಹುಡುಗಿ ತಾಯಿಯ ಕಡೆ ನೋಡಿ, "ಯಾವುದೂ ಸ್ವಂತದ್ದಲ್ಲ ಮೇಡಂ. ಇದ್ದ ಊರುಗಳ ಹೆಸರು ಹೇಳಬಹುದಾ?" ಎಂದಳು.

ಪ್ರವೇಶ ಸಿಕ್ಕಿತು. ಬಸ್ಸಿನಲ್ಲಿ ಮರಳುವಾಗ, ಎಲ್ಲದಕ್ಕೂ ನಗುವ ನನ್ನ ತಂಗಿ ಕಿಟಕಿಯ ಹೊರಗೇ ನೋಡುತ್ತಿದ್ದಳು.

ಇನ್ನು ನನ್ನ ಆರಾಮಕುರ್ಚಿಗೆ ಬರುತ್ತೇನೆ. ನಮ್ಮ ತಂದೆ ಕುಳಿತಿದ್ದ ಬೆತ್ತದ ಕುರ್ಚಿ. ಬೆತ್ತವನ್ನು ಮೂರು ಸಲ ಹೊಸದಾಗಿ ನೇಯಿಸಿದ್ದೇನೆ. ಅದರಲ್ಲಿ ನನ್ನ ಹೊರತು ಬೇರೆ ಯಾರೂ ಕುಳಿತುಕೊಳ್ಳುವಂತಿಲ್ಲ. ಇದನ್ನು ಮಕ್ಕಳಿಗೆ ಬಂದ ದಿನವೇ ತಿಳಿಸಿದ್ದೆ. ತಿಳಿಸಿದ್ದೇ ತಪ್ಪಾಯಿತು!

ನಮ್ಮ ಚರ್ಚಿನಲ್ಲಿ ಬೆಳೆ ಹಬ್ಬವೆಂದು ಒಂದುಂಟು. ಅವರವರು ಬೆಳೆದದ್ದನ್ನು ತಂದು ದೇವರಿಗೆ ಅರ್ಪಿಸುತ್ತಾರೆ. ಆರಾಧನೆಯ ನಂತರ ಅಂಗಳದಲ್ಲಿ ಅದರ ಏಲಂ ನಡೆದು ಹಣ ಸಭೆಗೆ ಸೇರುತ್ತದೆ. ದುಬೈ, ಮುಂಬಯಿಗಳಿಂದ ಬಂದವರೂ ಸಿಗಲೆಂದು ನಮ್ಮವರು ಅದನ್ನು ಬೇಸಿಗೆ ರಜೆಯಲ್ಲಿಯೇ ಇಡುತ್ತಾರೆ. ಈ ಸಲ ಅಂಗಳದಲ್ಲಿ ತೆಂಗಿನಕಾಯಿಯ ರಾಶಿ, ಹಲಸು, ಕಾಪು ಕಡೆಯವರೊಬ್ಬರು ತಂದ ಮಟ್ಟುಗುಳ್ಳ ಬದನೆ. ಅವುಗಳ ನಡುವೆ, ಕೈಗಳೆರಡನ್ನೂ ಚಾಚಿಕೊಂಡು, ನನ್ನ ಆರಾಮಕುರ್ಚಿ!

ಮಕ್ಕಳಿಬ್ಬರೂ ಅದನ್ನು ಬೆಳಿಗ್ಗೆಯೇ ತಲೆಯ ಮೇಲೆ ಹೊತ್ತು ತಂದಿದ್ದರು.

"ಇದೆಂತ ಕೃಪಾ?" ಎಂದೆ.

"ಮನೆಯಲ್ಲಿ ಅತಿ ಪ್ರಿಯವಾದದ್ದನ್ನು ಕೊಡಬೇಕಲ್ಲವೇ, ದೊಡ್ಡಮ್ಮ? ನಮ್ಮ ಚೀಲದಲ್ಲಿ ಅಂಥದ್ದು ಏನೂ ಉಳಿದಿರಲಿಲ್ಲ."

ಅರ್ಪಿಸಿದ್ದನ್ನು ಸಭೆಯ ಮುಂದೆ ಹಿಂದಕ್ಕೆ ಕೇಳುವುದು ಹೇಗೆ? ಏಲಂ ಕೂಗುವವರು ಆಗಲೇ, "ಟೀಚರಮ್ಮನ ಕುರ್ಚಿ! ಯಾರೂ ಕುಳಿತದ್ದೇ ಇಲ್ಲ, ಹೊಸದೇ ಅಂತ ತಿಳ್ಕೊಳ್ಳಿ!" ಎಂದು ಶುರುಮಾಡಿದ್ದರು. ಆ ಕುರ್ಚಿಯ ಮೇಲೆ ಮೊದಲಿನಿಂದಲೂ ಕಣ್ಣಿಟ್ಟಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರರೊಬ್ಬರು ಕೈ ಎತ್ತಿದರು. ನಾನೂ ಎತ್ತಿದೆ. ಅವರು ಏರಿಸಿದರು, ನಾನೂ ಏರಿಸಿದೆ. ಕೊನೆಗೆ ಅವರು ಬೆವರು ಒರೆಸಿಕೊಂಡು ಹಿಂದೆ ಸರಿದರು. ಅಷ್ಟರಲ್ಲಿ ಹಿಂಬದಿಯಿಂದ ಇನ್ನೊಂದು ದನಿ ಮತ್ತೆ ಬೆಲೆ ಏರಿಸಿತು. ತಿರುಗಿ ನೋಡಿದರೆ ನನ್ನ ತಂಗಿ!

"ನಿನಗೆ ಹುಚ್ಚಾ? ಅದು ನಮ್ಮದೇ ಕುರ್ಚಿ!"

"ಗೊತ್ತುಂಟು ಅಕ್ಕ! ನೀನು ಹೇಗೂ ಬಿಡುವವಳಲ್ಲ. ಸಭೆಗೆ ಸ್ವಲ್ಪ ಜಾಸ್ತಿ ಬರಲಿ ಅಂತ!"

ಹೀಗೆ ನನ್ನ ತಂದೆಯ ಕುರ್ಚಿಯನ್ನು ನನ್ನದೇ ಪಿಂಚಣಿಯಲ್ಲಿ ಕೊಂಡು, ರಿಕ್ಷಾದ ಮೇಲೆ ಕಟ್ಟಿಸಿಕೊಂಡು ಮನೆಗೆ ಬಂದೆ. ತಂಗಿಯೊಡನೆ ಎರಡು ದಿನ ಮಾತು ಬಿಟ್ಟೆ. ಅವಳಿಗೆ ಅದು ತಿಳಿಯಿತೋ ಇಲ್ಲವೋ, ಮಾತಾಡುತ್ತಲೇ ಇದ್ದಳು.

ಮೇ ತಿಂಗಳ ಕೊನೆಗೆ ಅವಳು ಹೊರಡುವ ದಿನ ಬಂತು. ಮೋಡ ಕಟ್ಟಿತ್ತು. ಟ್ಯಾಕ್ಸಿಯಲ್ಲಿ ಎರಡೇ ಚೀಲ. ಮೂರನೆಯದು ಜಗಲಿಯಲ್ಲಿ, ಕೃಪಾಳ ಕಾಲ ಬಳಿ. ಹುಡುಗಿ ಅಳಲಿಲ್ಲ. ತಾಯಿಯ ಬಟ್ಟೆಗಳನ್ನು ಅವಳೇ ಮಡಚಿ ಚೀಲಕ್ಕೆ ತುಂಬಿದ್ದಳು, ಭಾರಿ ಹುಷಾರಾಗಿ. ನನ್ನ ತಂಗಿ ಮಗಳ ಜಡೆಯನ್ನು ಬಿಚ್ಚಿ ಮತ್ತೆ ಹೆಣೆದಳು. ಹೆಣೆದದ್ದನ್ನು ಮತ್ತೆ ಬಿಚ್ಚಿದಳು. ಚಾಲಕ ಹಾರ್ನ್ ಹಾಕಿದ.

ಆಗ ಅವಳು ನನ್ನ ಹತ್ತಿರ ಬಂದು ನನ್ನ ಮೊಣಕೈಯನ್ನು ಹಿಡಿದುಕೊಂಡಳು.

"ಅಕ್ಕ, ನಾನು ಕೊಟ್ಟದ್ದನ್ನು ಯಾರ ಹತ್ತಿರವೂ ಹಿಂದೆ ಕೇಳಿದವಳಲ್ಲ."

"ಅದು ನನಗೆ ಗೊತ್ತಿಲ್ಲವೇ?"

"ಇದು ಕೊಡೆಯಲ್ಲ ಅಕ್ಕ. ಇವಳನ್ನು ಕೊಟ್ಟದ್ದಲ್ಲ, ನಿನ್ನಲ್ಲಿ ಇಟ್ಟದ್ದು. ಹಿಂದೆ ಬೇಕು ನನಗೆ."

ಆ ಕೊಡೆಯನ್ನು ಅವಳೂ ಮರೆತಿರಲಿಲ್ಲವೆಂದು ನನಗೆ ತಿಳಿದದ್ದು ಆ ಗಳಿಗೆಯಲ್ಲಿ. ಏನಾದರೂ ಖಾರವಾಗಿ ಹೇಳಬೇಕೆಂದು ಬಾಯಿ ತೆರೆದೆ. "ಇವಳಿಗೆ ಎಣ್ಣೆ ಹಾಕಿ ತಲೆ ಬಾಚುತ್ತೇನೆ, ನೀನು ಹೊರಡು," ಎಂದಷ್ಟೇ ಬಂತು.

ಟ್ಯಾಕ್ಸಿ ಹೊರಟಿತು. ತಿರುವಿನಲ್ಲಿ ಕಿಟಕಿಯಿಂದ ಆನಂದನ ತಲೆ ಹೊರಬಂತು; ಬಲಗೈ ಮೇಲೆತ್ತಿ ಅವನು ಗಂಟಲು ಹರಿಯುವಂತೆ ಕೂಗಿದ: "ಹೆದರಬೇಡಿರಿ!"

ಆಮೇಲೆ ಜಗಲಿಯಲ್ಲಿ ನಾವಿಬ್ಬರೇ. ಕೃಪಾ ಚೀಲದ ಪಕ್ಕದಲ್ಲಿ ನಿಂತೇ ಇದ್ದಳು, ನಾಳೆ ಬೇರೆ ಊರಿಗೆ ಹೊರಡಬೇಕಾದವಳ ಹಾಗೆ. ನಾನು ಆರಾಮಕುರ್ಚಿಯ ಕಡೆ ಕೈ ತೋರಿಸಿ, "ಕುಳಿತುಕೋ," ಎಂದೆ.

"ಅದು ನಿಮ್ಮದಲ್ಲವೇ, ದೊಡ್ಡಮ್ಮ?"

"ನನ್ನದೇ. ಕೊಟ್ಟೆ ಎಂದೆನೇ? ಕುಳಿತುಕೋ ಎಂದೆ, ಅಷ್ಟೇ."

ಅವಳು ಅಂಚಿನಲ್ಲಿ ಕುಳಿತಳು. ಸ್ವಲ್ಪ ಹೊತ್ತಿನ ನಂತರ ಹಿಂದಕ್ಕೆ ಒರಗಿದಳು. ನಾನು ಚೀಲವನ್ನೆತ್ತಿಕೊಂಡು ಒಳಗೆ ಹೋಗಿ, ಅದರಲ್ಲಿದ್ದುದನ್ನೆಲ್ಲ ನನ್ನ ಕಪಾಟಿನಲ್ಲಿ ಜೋಡಿಸತೊಡಗಿದೆ.