ಅಂತರರಾಷ್ಟ್ರೀಯ ನ್ಯಾಯಾಲಯ, ಸಾಸಲು

ನಮ್ಮ ಚಿಕ್ಕಪ್ಪನ ಮಟ್ಟಿಗೆ ಜಗತ್ತಿನಲ್ಲಿ ಜಗಳಗಳೇ ಇರಲಿಲ್ಲ. ಇದ್ದದ್ದೆಲ್ಲ ‘ದೇಶ ದೇಶಗಳ ನಡುವಿನ ವ್ಯಾಜ್ಯ’! ಅರವತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಒಂದಷ್ಟು ಕಾಲ ಲಾ ಓದಿ, ತಾತ ತೀರಿಕೊಂಡರೆಂದು ಸಾಸಲಿನ ಹೊಲಕ್ಕೆ ಮರಳಿದವರು ಅವರು. ಮಿಕ್ಕ ಕಾನೂನೆಲ್ಲ ಬಸ್ಸಿನಲ್ಲೇ ಉಳಿಯಿತೋ ಏನೋ, ಅಂತರರಾಷ್ಟ್ರೀಯ ಕಾನೂನು ಮಾತ್ರ ಮನೆಗೆ ಬಂತು.

ಪಕ್ಕದ ಮನೆ ಕೋಳಿ ನಮ್ಮ ಹುಲ್ಲಿನ ಮೆದೆಯಲ್ಲಿ ಮೊಟ್ಟೆ ಇಟ್ಟಿತು. ಮೊಟ್ಟೆ ಯಾರದು? “ಹುಟ್ಟಿದ ನೆಲ ನೋಡಿದ್ರೆ ನಮ್ಮ ಪ್ರಜೆ, ರಕ್ತ ನೋಡಿದ್ರೆ ಅವರದು,” ಎಂದು ಚಿಕ್ಕಪ್ಪ ವಾದ ಮಂಡಿಸುವಷ್ಟರಲ್ಲಿ ಅಜ್ಜಿ ಅದನ್ನು ಬೇಯಿಸಿ ಸುಲಿದೂ ಆಗಿತ್ತು. ಮೊಕದ್ದಮೆ ವಜಾ!

ನೆಂಟರೊಬ್ಬರು ಉಪ್ಪಿನಕಾಯಿ ಜಾಡಿ ಒಡೆದರು. “ಅವರು ರಾಯಭಾರಿ. ಅವರ ಮೇಲೆ ಕ್ರಮ ತಗೊಳ್ಳೋ ಹಾಗಿಲ್ಲ,” ಎಂದರು ಚಿಕ್ಕಪ್ಪ.

“ಹಾಗಾದ್ರೆ ಊಟಕ್ಕೆ ನಿನ್ನ ಕಾನೂನ್ನೇ ನೆಂಚ್ಕೊಳ್ಲೇನೋ?” ಎಂದಳು ಅಜ್ಜಿ.

ಇಂಥವರನ್ನು ಯಾರು ಲೆಕ್ಕಕ್ಕೆ ತಗೊಳ್ಳುತ್ತಾರೆ ಹೇಳಿ?

ಒಮ್ಮೆ, ಹೊಸದಾಗಿ ಮದುವೆಯಾಗಿದ್ದ ಅಕ್ಕ ಶಿವರಾತ್ರಿಗೆ ತವರಿಗೆ ಬಂದಿದ್ದಳು. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಿತ್ತು. ಬರೆದೇ ಹೋಗಬೇಕೆಂಬ ಆಸೆ ಅವಳಿಗೆ. ಅಷ್ಟರಲ್ಲಿ ದಾಬಸ್‌ಪೇಟೆ ಕಡೆಯಿಂದ ಅವಳ ಮಾವ ಬಂದಿಳಿದರು. “ಸೊಸೇನ ಕಳಿಸ್ಕೊಡಿ, ಸಂಜೆ ಬಸ್ಸಿಗೇ ಹೊರಡ್ತೀವಿ.”

ಹೆಣ್ಣು ಕೊಟ್ಟವರು ಬೀಗರಿಗೆ ಇಲ್ಲ ಎನ್ನುವುದುಂಟೇ? ಅಪ್ಪ ತಲೆ ತಗ್ಗಿಸಿದರು. ಅಜ್ಜಿ ಮಡಿಲಕ್ಕಿಯ ಮೊರ ತಂದಳು. ಸೆರಗಿಗೆ ಅಕ್ಕಿ ಬಿತ್ತೆಂದರೆ ಹೆಣ್ಣು ಹೊರಟ ಹಾಗೆಯೇ.

“ನಿಲ್ಸವ್ವ!” ಚಿಕ್ಕಪ್ಪ ಮೊರಕ್ಕೆ ಕೈ ಅಡ್ಡ ಹಿಡಿದರು. “ಬೀಗರೇ, ಈ ಮನೆ ಈಗ ರಾಯಭಾರ ಕಚೇರಿ. ಆಶ್ರಯ ಕೇಳಿದೋರನ್ನ ಇಲ್ಲಿಂದ ಕರ್ಕೊಂಡ್ ಹೋಗೋ ಹಾಗಿಲ್ಲ!”

“ಯಾರಪ್ಪಾ ಆಶ್ರಯ ಕೇಳಿದ್ದು?” ಎಂದರು ಮಾವ.

“ಕೇಳೋಕೆ ನಾವ್ಯಾರು ಬಿಟ್ವಿ?” ಎಂದು ಚಿಕ್ಕಪ್ಪ ಕಂಬದ ಮರೆಯಲ್ಲಿ ನಿಂತಿದ್ದ ಅಕ್ಕನತ್ತ ತಿರುಗಿದರು. “ಹೇಳವ್ವ, ಏನ್ ಬೇಕು ನಿಂಗೆ?”

ಅಕ್ಕ ಮೆಲ್ಲಗೆ ಅಂದಳು: “ಪರೀಕ್ಷೆ ಬರೀಬೇಕು ಮಾವ. ಮುಗಿಸ್ಕೊಂಡು ಬಂದ್ಬಿಡ್ತೀನಿ.”

ಮಾವ ಹಣೆ ಚಚ್ಚಿಕೊಂಡರು. “ಅಯ್ಯೋ, ಪರೀಕ್ಷೆ ಅಂತ ನಂಗ್ಯಾರೂ ಹೇಳ್ಲೇ ಇಲ್ವಲ್ಲ! ಬರ್ಕೊಂಡೇ ಬಾರವ್ವ. ಅಲ್ಲಾ ಬೀಗರೇ, ನಾನೇನು ಶತ್ರು ದೇಶದೋನಾ?”

“ಛೆ ಛೆ, ನೀವೂ ರಾಯಭಾರಿ! ಉಣ್ಣದೆ ಹೋದ್ರೆ ಮಾತ್ರ ಯುದ್ಧ!”

ಅಬ್ಬಾ! ಅಪ್ಪ ನಗುವುದನ್ನು ಅಂದು ಎಷ್ಟೋ ದಿನಗಳ ಮೇಲೆ ಕಂಡೆವು. ಮಾವನವರು ಮುದ್ದೆ, ಹುರುಳಿ ಸಾರು ಗಡದ್ದಾಗಿ ಹೊಡೆದು ಸಂಜೆ ಬಸ್ಸು ಹತ್ತಿದರು.

ಬೀಳ್ಕೊಟ್ಟು ಬಂದ ಚಿಕ್ಕಪ್ಪ ಜಗಲಿಯ ಮೇಲೆ ಕುಸಿದು ಕೂತು ನೀರು ಕೇಳಿದರು. ಆಗಲೇ ನಾನು ನೋಡಿದ್ದು, ಅವರ ಕೈ ಗಡಗಡ ನಡುಗುತ್ತಿತ್ತು. ಅಕ್ಕ ಲೋಟ ತಂದುಕೊಟ್ಟಳು. ನೀರು ತುಳುಕದ ಹಾಗೆ, ಅವರು ಕುಡಿದು ಮುಗಿಸುವ ತನಕ, ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದಳು.