ಮೂರನೆಯ ಸಲದ ಹಾಲು

ವಿದ್ಯಾ, ಪ್ರಮೋದ, ಸಣ್ಣ ಶಿವಲೀಲಾ, ಬಾಯಿಂದ ಹೇಳಲಾರದ್ದನ್ನು ನಿಮಗೆ ಕಾಗದದ ಮೇಲೆ ಬರೆಯುತ್ತಿದ್ದೇನೆ. ಹೇಳಲಾರದ್ದು ಅಂದಕೂಡಲೆ ಏನೋ ದೊಡ್ಡ ಗುಟ್ಟು ಎಂದು ತಿಳಿಯಬೇಡಿ. ಒಂದು ತಂಬಿಗೆ ಹಾಲಿನ ವಿಷಯ. ಆದರೆ ನನಗೆ ಮೊದಲಿನಿಂದ ನಾಚಿಕೆ ಜಾಸ್ತಿ. ಎಂಬತ್ತು ದಾಟಿದ ಮೇಲೆ ಹಲ್ಲು ಹೋದವು, ಕಣ್ಣು ಅರ್ಧ ಹೋದವು, ನಿಮ್ಮ ಅಜ್ಜನೂ ಹೋದರು, ನಾಚಿಕೆಯೊಂದು ಗಟ್ಟಿಮುಟ್ಟಾಗಿ ಉಳಿದಿದೆ. ನಾನು ಕಲಿತದ್ದು ಮುಶಿಗೇರಿಯ ಸಾಲಿಯಲ್ಲಿ, ನಾಲ್ಕನೆಯ ಇಯತ್ತೆಯವರೆಗೆ. ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. ಪಕ್ಕದಲ್ಲಿ ಕೂತವಳ ಕಿವಿಯಲ್ಲಿ ಊದುತ್ತಿದ್ದೆ. ಅವಳು ಎದ್ದು ನಿಂತು ಹೇಳಿ ಶಾಬಾಸ್ಕಿ ಪಡೆಯುತ್ತಿದ್ದಳು. ಅವಳು ಮುಂದೆ ಮಾಸ್ತರಿಣಿಯಾದಳು. ನಾನು ಒಣ ಶಾವಿಗೆ ತಿನ್ನುವವಳಾದೆ.

ಮೊನ್ನೆ ನಿಮ್ಮ ಪುಣೆಯಲ್ಲಿ ನನ್ನನ್ನು ಜಪಾನಿ ಹೋಟೆಲಿಗೆ ಕರೆದುಕೊಂಡು ಹೋದಿರಲ್ಲ, ಅಲ್ಲಿಂದಲೇ ಸುರು ಮಾಡುತ್ತೇನೆ. ಬಾಗಿಲಲ್ಲೇ ಪ್ರಮೋದ ಹೆಮ್ಮೆಯಿಂದ ಹೇಳಿದ: "ಅಜ್ಜಿ, ಇಲ್ಲೆ ರಸಾ ಇಲ್ಲದ ಶಾವಿಗಿ ಅಷ್ಟ ಮಾಡ್ತಾರ. ಬ್ಯಾರೆ ಏನೂ ಸಿಗಂಗಿಲ್ಲ. ನಿನಗ ಒಣಾದು ಸೇರತೈತಿ ಅಂತ ಅಪ್ಪ ಹೇಳಿದ್ದ, ಊರೆಲ್ಲ ಹುಡುಕೇವಿ." ಇಷ್ಟು ಪ್ರೀತಿಯಿಂದ ಹುಡುಕಿದ ಮಕ್ಕಳ ಮುಂದೆ ಏನು ಹೇಳಬೇಕು? ಸೆರಗು ಸರಿಮಾಡಿಕೊಂಡು ಒಳಗೆ ಬಂದೆ. ಕರಿ ಬೋಗುಣಿ ಬಂತು. ಅದರಲ್ಲಿ ಲಂಗದ ಲಾಡಿಯಷ್ಟು ದಪ್ಪನೆಯ ಶಾವಿಗೆ, ಮೇಲೆ ಉಳ್ಳಾಗಡ್ಡಿ ತೊಪ್ಪಲು, ಎಳ್ಳು, ಸಮುದ್ರದ ಸೊಪ್ಪು ಎಂದು ಸುಟ್ಟ ಕಾಗದದಂಥ ಎರಡು ತುಂಡು. ಟೊಪ್ಪಿಗೆ ಹಾಕಿದ ಆ ನೀಡುವ ಮನುಷ್ಯ, ಎಣ್ಣೆ ಮಸಾಲೆ ಎಲ್ಲ ತಳದಲ್ಲಿದೆ, ಕೆಳಗಿನಿಂದ ಮೇಲಕ್ಕೆ ಚೆನ್ನಾಗಿ ಕಲಸಬೇಕು ಎಂದು ಹೇಳಿ, ಎರಡು ಕಡ್ಡಿ ಕೊಟ್ಟು ಹೋದ. ಗಜೇಂದ್ರಗಡದಲ್ಲಿ ನೇಕಾರರ ಸೊಸೆಯಾಗಿ ಮೂವತ್ತು ವರ್ಷ ಹರಿದ ಎಳೆ ಹುಡುಕಿ ಗಂಟು ಹಾಕಿದ ಬೆರಳು ಇವು. ಆದರೂ ಆ ಕಡ್ಡಿಗೆ ಒಂದು ಎಳೆ ಸಿಗಲಿಲ್ಲ. ಕೊನೆಗೆ ಶಿವಲೀಲಾ ಚಮಚೆ ತರಿಸಿದಳು. ಕಲಸಿದೆ. ಕಲಸಿ ಸುಮ್ಮನೆ ಕೂತೆ.

"ಯಾಕ ಅಜ್ಜಿ, ಉಣವಲ್ಲಿ?" ಎಂದಳು ವಿದ್ಯಾ.

"ಆರಲಿ ಅಂತ" ಎಂದೆ.

ಅದು ಸುಳ್ಳು. ನಾನು ಕಾಯುತ್ತಿದ್ದೆ. ಮೇಲೆ ಸುರಿಯಲು ಯಾರಾದರೂ ಏನಾದರೂ ತಂದಾರು ಎಂದು. ಹೀಗೆ ಕಾಯುವುದು ನನಗೆ ಅರವತ್ತು ವರ್ಷಕ್ಕೂ ಹಳೆಯ ಚಾಳಿ. ಅದು ಹತ್ತಿದ್ದು ರೋಣದಲ್ಲಿ.

ನನ್ನ ಮದುವೆಯಾದಾಗ ನಮ್ಮ ಕಡೆ ಇನ್ನೂ ಮುಂಬಯಿ ಸರಕಾರ ಇತ್ತು. ಗಂಡನ ಮನೆಗೆ ಹೊರಟ ದಿನ ನನ್ನವ್ವ ನನ್ನನ್ನು ಅಡಿಗೆಮನೆಗೆ ಕರೆದು ಬುದ್ಧಿ ಹೇಳಿದಳು. "ನೋಡು, ಯಾರ ಮನ್ಯಾಗ ಏನ ನೀಡಿದ್ರೂ ಮೊದಲ್ನೇ ಸಲ ಬ್ಯಾಡ ಅನಬೇಕು. ಎರಡ್ನೇ ಸಲ ಸುಮ್ಮನಿರಬೇಕು. ಮೂರ್ನೇ ಸಲ ಸಾಕ ಸಾಕ ಅನಕೋತ ನೀಡಿಸ್ಕೋಬೇಕು. ಮೊದಲ್ನೇ ಸಲಕ್ಕ ಹೂಂ ಅಂದ್ಯೋ, ತವರಮನ್ಯಾಗ ಉಪಾಸ ಕೆಡವಿದ್ರು ಅಂತಾರ." ಇದು ನನ್ನವ್ವ ಮಾಡಿದ ಕಾಯಿದೆಯಲ್ಲ. ಸವಡಿಯಿಂದ ಚಿಕ್ಕನರಗುಂದದವರೆಗೆ ಎಲ್ಲ ಮರ್ಯಾದಸ್ಥರ ಮನೆಯಲ್ಲಿ ಇದೇ ನಡೆಯುತ್ತಿತ್ತು. ಬಡಿಸುವವರಿಗೂ ಗೊತ್ತು, ಬ್ಯಾಡ ಅಂದರೆ ಇನ್ನೊಮ್ಮೆ ಕೇಳಬೇಕು ಎಂದು. ಹೀಗಾಗಿ ನಮ್ಮ ಕಡೆಯ ಬೀಗರ ಊಟವೆಂದರೆ ಅರ್ಧ ಊಟ, ಅರ್ಧ ಕುಸ್ತಿ. ಒಬ್ಬರು ತಾಟಿನ ಮೇಲೆ ಅಡ್ಡ ಬೀಳುವುದು, ಇನ್ನೊಬ್ಬರು ಕೈಸಂದಿಯಿಂದ ತುಪ್ಪ ಸುರಿಯುವುದು. ತುಪ್ಪ ಕೈಮೇಲೆ ಬಿದ್ದಷ್ಟೂ ಉಪಚಾರ ಚಲೋ ಆಯಿತೆಂದು ಲೆಕ್ಕ.

ಮದುವೆಯಾಗಿ ಎಂಟು ದಿನಕ್ಕೆ ನನ್ನ ಮಾವನ ತಂಗಿ ಗೌರವ್ವ ನಮ್ಮನ್ನು ರೋಣಕ್ಕೆ ಊಟಕ್ಕೆ ಕರೆದಳು. ಅವಳು ಅಲ್ಲಿ ಖಾನಾವಳಿ ನಡೆಸುತ್ತಿದ್ದಳು. ಅವಳ ಶಾವಿಗೆ ಅಂದರೆ ಸುತ್ತ ಹತ್ತೂರಿನವರು ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ನಾವು ಹೋದದ್ದು ಸಂತೆಯ ದಿನ. ಗೌರವ್ವ ಒಲೆಯ ಮುಂದೆ ಬೆವರುತ್ತಿದ್ದಳು. ಒಳಗಿನ ಕೋಣೆಯಲ್ಲಿ ನಾನು, ನನ್ನ ಅತ್ತೆ, ಇನ್ನಿಬ್ಬರು ಹೆಂಗಸರು ಕೂತೆವು. ಗಂಡಸರು ಹೊರಗೆ ಪಡಸಾಲೆಯಲ್ಲಿ. ನೀಡುವವನು ಬಸಣ್ಣ. ಬಹಳ ವರ್ಷದಿಂದ ಅಲ್ಲೇ ಇದ್ದ ಆತ ಎಂದೂ ಮುಖ ನೋಡಿದವನಲ್ಲ, ಬರೀ ತಾಟು ನೋಡುತ್ತಿದ್ದ. ಬಸಿದ ಶಾವಿಗೆ ಹಾಕಿದ, ಬೆಲ್ಲದ ಪುಡಿ ಹಾಕಿದ, ತುಪ್ಪ ಬಿಟ್ಟ. ಆಮೇಲೆ ಹಾಲಿನ ತಂಬಿಗೆ ಹಿಡಿದು ಬಂದ. ಯಾಲಕ್ಕಿ ಹಾಕಿ ಕಾಸಿದ ಕೆನೆಹಾಲು, ವಾಸನೆಗೇ ನನ್ನ ಹೊಟ್ಟೆ ಎದ್ದು ಕೂತಿತು. ನಿಮಗೆ ಗೊತ್ತಿರಲಿ, ಮುಶಿಗೇರಿಯಲ್ಲಿ ಹಾಲಿನ ಗಡಿಗೆ ಬಳಿದು ನೆಕ್ಕಿದ್ದಕ್ಕೆ ಪೆಟ್ಟು ತಿಂದವಳು ನಾನು.

"ಹಾಲು?" ಎಂದ ಬಸಣ್ಣ.

ತಾಟಿನ ಮೇಲೆ ಕೈ ಅಡ್ಡ ಹಿಡಿದು "ಬ್ಯಾಡ್ರಿ" ಎಂದೆ. ಅವ್ವ ಕಲಿಸಿದ ಹಾಗೇ, ದನಿ ತೆಗೆದೂ ತೆಗೆಯದ ಹಾಗೆ.

ಬಸಣ್ಣ ಮುಂದೆ ಹೋದ. ನನ್ನ ಕೈ ಅಲ್ಲೇ ಉಳಿಯಿತು. ಎರಡನೆಯ ಸಲ ಬಂದ, ಉಪ್ಪಿನಕಾಯಿ ಹಿಡಿದುಕೊಂಡು. ಮೂರನೆಯ ಸಲ ಬಂದ, ನೀರು ಹಿಡಿದುಕೊಂಡು. ಮನೆಯಲ್ಲಿ ಬ್ಯಾಡ ಅಂದರೆ ಇನ್ನೊಮ್ಮೆ ಕೇಳು ಎಂದು ಅರ್ಥ. ಖಾನಾವಳಿಯಲ್ಲಿ ಬ್ಯಾಡ ಅಂದರೆ ಬ್ಯಾಡ ಎಂದೇ ಅರ್ಥ. ಇದನ್ನು ಅವ್ವ ಹೇಳಿರಲಿಲ್ಲ. ಪಾಪ, ಅವಳೆಲ್ಲಿ ಖಾನಾವಳಿ ನೋಡಿದ್ದಳು.

ಅಷ್ಟರಲ್ಲಿ ಗೌರವ್ವ ಸೆರಗಿಗೆ ಕೈ ಒರೆಸುತ್ತ ಬಂದಳು. "ಅಯ್ಯ, ಹೊಸಾ ಸೊಸಿ ತಾಟ್ನ್ಯಾಗ ಹಾಲ ಇಲ್ಲಲ್ಲೊ ಬಸಣ್ಣ."

"ಅವರಿಗೆ ಬ್ಯಾಡಂತ್ರಿ."

"ಖರೇ ಬ್ಯಾಡೇನ ತಂಗಿ?"

ಇದು ಎರಡನೆಯ ಸಲ. ಎರಡನೆಯ ಸಲಕ್ಕೆ ಸುಮ್ಮನಿರಬೇಕು. ತಲೆ ಬಗ್ಗಿಸಿ ಸುಮ್ಮನಿದ್ದೆ. ಇನ್ನೊಂದು ಸಲ ಕೇಳಲಿ ಎಂದು ನಾನು ಆವತ್ತು ಬೇಡಿಕೊಂಡ ಹಾಗೆ ಯಾವ ಗುಡಿಯಲ್ಲೂ ಬೇಡಿಕೊಂಡಿಲ್ಲ. ಗೌರವ್ವ ನನ್ನನ್ನು ಬಿಟ್ಟು ನನ್ನ ಅತ್ತೆಯ ಕಡೆ ತಿರುಗಿದಳು. "ನೋಡವಾ ವೈನಿ, ಎಂಥಾ ಸೊಸಿ ಸಿಕ್ಕಾಳ ನಿನಗ. ಹಾಲ ಇಲ್ಲದ ಶಾವಿಗಿ ಉಣತಾಳ." ನನ್ನ ಅತ್ತೆಯ ಮುಖ ಅರಳಿತು. ಮನೆಯಲ್ಲಿ ಒಂದೇ ಎಮ್ಮೆ, ಉಣ್ಣುವವರು ಹನ್ನೊಂದು ಜನ. ಆ ಎಮ್ಮೆಗೂ ಸಂತೋಷವಾಗಿರಬೇಕು.

ನಾವು ಗಜೇಂದ್ರಗಡಕ್ಕೆ ಮರಳುವ ಮೊದಲೇ ಸುದ್ದಿ ಮರಳಿತ್ತು. ಮಗ್ಗದ ಸಪ್ಪಳದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದ ನಮ್ಮ ಓಣಿಯಲ್ಲಿ ಈ ಮಾತು ಮಾತ್ರ ಎಲ್ಲರಿಗೂ ಕೇಳಿಸಿತು. ಸಾದಾ ಹುಡುಗಿ, ಬಾಯಿಚಪಲ ಇಲ್ಲ, ಸಂಸಾರ ತೂಗಿಸುವಾಕಿ. ಒಬ್ಬರಂತೂ ಯಾವುದೋ ವ್ರತ ಹಿಡಿದಿರಬೇಕೆಂದು ನನಗೆ ಕೈ ಮುಗಿದರು. ಬೇಕು ಅನ್ನದ ಹೆಣ್ಣುಮಗಳನ್ನು ನಮ್ಮ ಜನ ಎಷ್ಟು ಹೊಗಳುತ್ತಾರೆಂದು ಆಗ ಗೊತ್ತಾಯಿತು. ಹೊಗಳುವುದಕ್ಕೆ ಹಾಲು ಖರ್ಚಾಗುವುದಿಲ್ಲವಲ್ಲ. ಎದುರು ಮನೆಯ ಸೊಸೆ ಮಾತ್ರ ಬಾವಿಕಟ್ಟೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು. "ಏನವಾ ತಾಯಿ, ನಿನ್ನ ದೆಸಿಂದ ನಮ್ಮತ್ತಿ ನನಗ ಮಜ್ಜಿಗಿ ಸುದ್ದಾ ಅಳದು ಹಾಕಾಕ್ಹತ್ಯಾಳ. ಒಂದ ದಿನ ಎಲ್ಲಾರ ಮುಂದ ಒಂದ ವಾಟಗಾ ಹಾಲ ಕುಡುದು ಪುಣ್ಯಾ ಕಟ್ಕೊ." ಕುಡಿಯಲು ನಾನು ತಯಾರಿದ್ದೆ. ಕೊಡುವವರು ಬೇಕಲ್ಲ.

ನನ್ನ ಅಪ್ಪ ನೋಡಲು ಬಂದಾಗ ಈಗ ಬಿಡುಗಡೆಯಾಗುತ್ತದೆ ಎಂದುಕೊಂಡೆ. ಗಡಿಗೆ ನೆಕ್ಕಿದ ಮಗಳನ್ನು ಅವರು ಮರೆತಾರೆಯೆ? ಅತ್ತೆ ಅವರ ಮುಂದೆ ನನ್ನ ಗುಣ ಹಾಡಿದಳು: "ಹಾಲ ಮುಟ್ಟಂಗಿಲ್ಲ ನೋಡ್ರಿ ನಿಮ್ಮ ಮಗಳು." ಅಪ್ಪ ಒಮ್ಮೆ ನನ್ನ ಮುಖ ನೋಡಿದರು. ಒಮ್ಮೆ ಬೀಗಿತಿಯ ಮುಖ ನೋಡಿದರು. ಆಮೇಲೆ ರುಮಾಲು ಸರಿಮಾಡಿಕೊಂಡು ಹೇಳಿದರು: "ಹೌದ್ರಿ, ಸಣ್ಣಾಕಿ ಇದ್ದಾಗಿಂದ ಹಂಗ." ನನಗೆ ನಾಚಿಕೆ ಯಾರಿಂದ ಬಂತೆಂದು ಆವತ್ತು ತಿಳಿಯಿತು.

ಒಮ್ಮೆ ಧೈರ್ಯ ಮಾಡಿದೆ. ನರಗುಂದದಲ್ಲಿ ನಿಮ್ಮ ಅಜ್ಜನ ಅಕ್ಕನ ಮನೆ ಇತ್ತು. ಅಲ್ಲಿಗೆ ಹೋಗುವ ದಾರಿಯುದ್ದಕ್ಕೂ ಬಸ್ಸಿನಲ್ಲಿ ಮನಸ್ಸಿನೊಳಗೇ ರೂಢಿ ಮಾಡಿದೆ: ಹಾಲು ಅಂದಕೂಡಲೆ ಹೂಂ ಅನ್ನಬೇಕು, ಮೊದಲನೆಯ ಸಲಕ್ಕೇ. ಅವ್ವನ ಮರ್ಯಾದೆ ಹೋದರೆ ಹೋಗಲಿ. ಆದರೆ ಅಲ್ಲಿ ಯಾರೂ ಕೇಳಲೇ ಇಲ್ಲ. ನಾದಿನಿ ನನಗಾಗಿ ಬೇರೆ ತಾಟು ತಂದಿಟ್ಟಳು. ಅದರಲ್ಲಿ ಬಸಿದ ಶಾವಿಗೆ, ಕುಸುಬಿ ಎಣ್ಣೆ, ಗುರೆಳ್ಳ ಪುಡಿ, ಹೆಚ್ಚಿದ ಉಳ್ಳಾಗಡ್ಡಿ. "ನಿನಗಂತ ಬ್ಯಾರೆ ಮಾಡೇನಿ. ಹಾಲಿನ ವಾಸನಿ ಸುದ್ದಾ ತಾಗಿಸಿಲ್ಲ" ಎಂದಳು. ಅಷ್ಟು ಅಕ್ಕರೆ ಮಾಡಿದವಳ ಮುಂದೆ ಹೂಂ ಅನ್ನಲು ಏನೂ ಉಳಿದಿರಲಿಲ್ಲ. ಪುಣೆಯ ಆ ಬೋಗುಣಿ ಕಂಡಾಗ ನಾನು ನಕ್ಕದ್ದು ಇದಕ್ಕೇ. ನೀವು ಖುಷಿಗೆ ನಕ್ಕಳೆಂದು ತಿಳಿದಿರಿ. ಜಪಾನಿನವರು ಈಗ ಮಾಡುವುದನ್ನು ನನ್ನ ನಾದಿನಿ ಆಗಲೇ ನರಗುಂದದಲ್ಲಿ ಮಾಡಿಟ್ಟಿದ್ದಳು.

ಆವತ್ತೇ ನಿಮ್ಮ ಅಜ್ಜ ಪಡಸಾಲೆಯಿಂದ ಕೂಗಿ ಹೇಳಿದರು: "ಅಕ್ಕಾ, ನನಗೂ ಹಾಲ ಬ್ಯಾಡ. ಒಣಾದ ಕೊಡು." ಎಲ್ಲರೂ ನಕ್ಕರು. ನನ್ನನ್ನು ಚೇಷ್ಟೆ ಮಾಡುತ್ತಿದ್ದಾರೆಂದು ನನಗೆ ಸಿಟ್ಟು ಬಂತು. ಆದರೆ ಅವರು ಅಂದಿನಿಂದ ಮನೆಯಲ್ಲೂ ಹಾಲು ಹಾಕಿಸಿಕೊಳ್ಳಲಿಲ್ಲ. ಯುಗಾದಿಗೂ ಇಲ್ಲ, ಹೆಣ್ಣುಮಕ್ಕಳ ಮದುವೆಯಲ್ಲೂ ಇಲ್ಲ. ಈ ಮನುಷ್ಯನಿಗೆ ನಿಜವಾಗಿ ಒಣದು ಸೇರುತ್ತದೆ, ಎಂಥ ನಾಲಗೆಯೋ ಏನೋ ಎಂದುಕೊಂಡು ನಾನು ಅವರ ಎದುರಿಗೆ ಕೂತು ನನ್ನ ಒಣದನ್ನು ನುಂಗುತ್ತಿದ್ದೆ.

ಅವರ ಕೊನೆಯ ವರ್ಷ ಜ್ವರ ಬಂದು ದವಾಖಾನಿಯಿಂದ ಮನೆಗೆ ತಂದಾಗ, ಡಾಕ್ಟರರು ಮೆತ್ತಗಿನದು ಕೊಡಿ ಎಂದಿದ್ದರು. ನಿಮ್ಮ ತಾಯಿ ಹಾಲಿನಲ್ಲಿ ಶಾವಿಗೆ ಮಾಡಿ ಒಂದು ಬೋಗುಣಿ ತಂದಿಟ್ಟಳು. ಅವರು ಉಂಡರು. ಇನ್ನೊಂದಿಷ್ಟು ಹಾಕಿಸಿಕೊಂಡು ಉಂಡರು. ತಳ ಬಳಿದರು.

"ಹಾಲ ಸೇರತಿತ್ತೇನು ನಿಮಗ?" ಎಂದೆ.

"ಸಣ್ಣಾಂವ ಇದ್ದಾಗಿಂದ ಜೀವಾ."

"ಮತ್ತ ಇಷ್ಟ ವರ್ಷ?"

"ನೀ ಒಬ್ಬಾಕಿ ಒಣಾದು ಉಣತಿದ್ದಿ. ನಿನ್ನ ಎದುರಿಗೆ ಕುಂತು ನಾ ಹ್ಯಾಂಗ ಹಾಲ ಸುರಕೊಂಡು ಉಣ್ಣಲಿ?"

ಈಗ ಹೇಳಬೇಕು ಎಂದುಕೊಂಡೆ. ಅಷ್ಟರಲ್ಲಿ ಅವರೇ ಬೋಗುಣಿ ನನ್ನ ಕಡೆ ಸರಿಸಿ, "ನೀನೂ ಒಂದೀಟು ನೋಡತಿ ಏನು?" ಎಂದರು. ನನ್ನ ಬಾಯಿ ತೆರೆಯುವ ಮೊದಲೇ ನನ್ನ ಕೈ ಅಡ್ಡ ಹೋಗಿತ್ತು. "ಬ್ಯಾಡ್ರಿ." ಅವರು ನಕ್ಕು, "ಗೊತ್ತೈತಿ ಬಿಡು" ಎಂದು ಬೋಗುಣಿ ಕೆಳಗಿಟ್ಟರು. ಬಸಣ್ಣನ ಹಾಗೆ ಅವರೂ ಒಂದೇ ಸಲ ಕೇಳಿದರು.

ಮೊನ್ನೆ ಹೋಟೆಲಿನಲ್ಲಿ ಕೊನೆಗೆ ಏನಾಯಿತೆಂದು ನೀವು ನೋಡಲಿಲ್ಲ, ನೀವು ಫೋಟೊ ತೆಗೆಯುತ್ತಿದ್ದಿರಿ. ಬೋಗುಣಿಯಲ್ಲಿ ನಾಲ್ಕು ತುತ್ತು ಉಳಿದಿದ್ದಾಗ ಆ ಟೊಪ್ಪಿಗೆಯ ಮನುಷ್ಯ ಹೊಗೆಯಾಡುವ ಸಣ್ಣ ತಂಬಿಗೆ ಹಿಡಿದು ನನ್ನ ಬಳಿ ಬಂದ. ಉಳಿದ ಮಸಾಲೆಗೆ ಬಿಸಿ ರಸ ಬಿಟ್ಟುಕೊಂಡು ಮುಗಿಸುವುದು ಅವರ ಪದ್ಧತಿಯಂತೆ. ರಸವಿಲ್ಲದ ಶಾವಿಗೆಗೂ ಕೊನೆಗೆ ರಸ ಬರುತ್ತದೆ ಎಂದು ನನಗೇನು ಗೊತ್ತು. ಆತ ಬಗ್ಗಿ ಕೇಳಿದ, ಹಾಕಲೇ ಎಂದು. ನನ್ನ ಕೈ ನೋಡಿದೆ. ಅದಾಗಲೇ ಬೋಗುಣಿಯ ಮೇಲಿತ್ತು. ಆತ ನಮಸ್ಕಾರ ಮಾಡಿ ಹೋದ.

ಆಮೇಲೆ ನೀವು "ಹ್ಯಾಂಗಿತ್ತ ಅಜ್ಜಿ?" ಅಂದಿರಿ. ನಾನು "ಭಾಳ ಚಲೋ ಇತ್ತು" ಅಂದೆ. ಅಜ್ಜಿಯ ಹುಟ್ಟಿದ ಹಬ್ಬಕ್ಕೆ ಮತ್ತೆ ಇಲ್ಲಿಗೇ ಬರೋಣ ಎಂದು ಪ್ರಮೋದ ಜಾಗ ಹಿಡಿದು ಇಟ್ಟ. ಅದಕ್ಕೇ ಅವಸರದಲ್ಲಿ ಇದನ್ನು ಬರೆದೆ. ಓದಿದ ಮೇಲೆ ನೀವು ಓಡಿ ಬಂದು "ಖರೇ ಏನ ಅಜ್ಜಿ, ಹಾಲ ಬೇಕಿತ್ತೇನ?" ಎಂದು ಕೇಳುತ್ತೀರಿ. ನಾನು ಇಲ್ಲ ಅನ್ನುತ್ತೇನೆ. ಇನ್ನೊಮ್ಮೆ ಕೇಳಿದರೆ ಸುಮ್ಮನಿರುತ್ತೇನೆ. ಆಗ ನನ್ನ ಮಾತು ನಂಬಿ ಹೊರಟು ಹೋಗಬೇಡಿ. ನನಗೇ ತೋರಿಸಲು ಬೇಕಾಗುತ್ತದೆ, ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.